ಉದುರಿದ ಹಣ್ಣೇ ಸಾಕೆಂದ ತಾತ

ಹಣ್ಣು ತುಂಬಿದ ಒಂದು ಮರ; ಅದರ ಬಳಿ ಹಸಿದು ನಿಂತ ಆರು ಮಂದಿ. ಶ್ರವಣಬೆಳಗೊಳದ ಜೈನ ಮಠದ ಭಿತ್ತಿಚಿತ್ರಗಳಲ್ಲಿ ಈ ದೃಶ್ಯವನ್ನು ಕಂಡವರು ಹಲವರಿದ್ದಾರೆ. ಒಬ್ಬನಿಗೆ ಮರವನ್ನು ಬೇರುಸಹಿತ ಉರುಳಿಸಿ ಹಣ್ಣು ತಿನ್ನುವ ಆಲೋಚನೆ. ಎರಡನೆಯವನಿಗೆ ಕಾಂಡವನ್ನು ಕಡಿಯುವ, ಮೂರನೆಯವನಿಗೆ ಹೆಗ್ಗೊಂಬೆಗಳನ್ನು ಕೆಡವುವ, ನಾಲ್ಕನೆಯವನಿಗೆ ಕಿರುಗೊಂಬೆಗಳನ್ನು ಮುರಿಯುವ ಆಲೋಚನೆ. ಐದನೆಯವನು ಹಣ್ಣನ್ನಷ್ಟೇ ಕಿತ್ತುಕೊಳ್ಳೋಣ ಎಂದುಕೊಳ್ಳುತ್ತಾನೆ. ಆರನೆಯವನಿಗೆ ನೆಲಕ್ಕೆ ಉದುರಿದ ಹಣ್ಣೇ ಸಾಕು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂಬ ಆರು ಲೇಶ್ಯೆಗಳನ್ನು ತಿಳಿಸಲು ಬಳಸಿದ ದೃಷ್ಟಾಂತವಿದು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳಿಂದ ಬಣ್ಣ ಹಿಡಿದ ಮನಸ್ಸಿನ ಪರಿಣಾಮವೇ ಲೇಶ್ಯೆ.

ನಾನು ಈ ದೃಷ್ಟಾಂತವನ್ನು ಮೊದಲು ಕಲಿತದ್ದು ಗ್ರಂಥದಿಂದಲ್ಲ, ತಾತನಿಂದ. ಅವರು ಮಧುಗಿರಿ ಸೀಮೆಯ ಒಂದು ಸಣ್ಣ ಹಳ್ಳಿಯವರು. ಪಾತ್ರೆಗಳ ಗಂಟು ಹೊತ್ತು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸಂತೆಗಳಿಗೆ ಹೋಗಿ ವ್ಯಾಪಾರ ಮಾಡುತ್ತಿದ್ದರು. ಜೊತೆಗೆ ಒಂದಿಷ್ಟು ಹೊಲ. ಹೊಲದ ಬದುವಿನಲ್ಲಿ ತಾವೇ ನೆಟ್ಟ ಏಳು ಹುಣಸೆಮರಗಳು. ಬೇಸಿಗೆಯಲ್ಲಿ ಹಣ್ಣಿಳಿಸುವ ಕಾಲಕ್ಕೆ ಊರಿನವರೆಲ್ಲ ಉದ್ದನೆಯ ಗಳುಗಳಿಂದ ಕೊಂಬೆಗಳನ್ನು ಬಡಿಯುತ್ತಿದ್ದರೆ, ತಾತ ಮೊದಲು ಮರದ ಕೆಳಗೆ ಕುಳಿತು ಉದುರಿದ್ದನ್ನು ಆರಿಸುತ್ತಿದ್ದರು.

“ಮೇಲೆ ಅಷ್ಟೊಂದು ಹಣ್ಣಿದೆಯಲ್ಲ ತಾತ, ಬಡಿಯಬಾರದೆ?” ಎಂದು ಒಮ್ಮೆ ಕೇಳಿದ್ದೆ.

“ಬಿದ್ದಿರೋದನ್ನ ಮೊದಲು ಆರಿಸು ಮಗಾ. ಸಾಲದೆ ಬಂದ್ರೆ ಆಮೇಲೆ ಮೇಲಕ್ಕೆ ನೋಡೋಣ” ಎಂದರು.

ಸಾಲದೆ ಬಂದ ವರ್ಷಗಳೂ ಇದ್ದವು. ಆಗ ಮರಗಳನ್ನು ಗುತ್ತಿಗೆಗೆ ಕೊಡುತ್ತಿದ್ದರು. ಆದರೆ ಗೂಡಿರುವ ಕೊಂಬೆಗೆ ಗಳು ತಾಗಿಸಬಾರದೆಂಬ ಕರಾರಿನ ಮೇಲೆ ಮಾತ್ರ. ಆ ಕರಾರಿಗಾಗಿ ಗುತ್ತಿಗೆಯ ಹಣದಲ್ಲಿ ಒಂದಷ್ಟು ಬಿಟ್ಟುಕೊಡುತ್ತಿದ್ದರು. ಮನೆಯಲ್ಲಿ ಇದಕ್ಕೆ ಆಕ್ಷೇಪವಿತ್ತು. ಅಜ್ಜಿ ಸಿಡಿಮಿಡಿಗೊಂಡರೆ ತಾತ ನಕ್ಕು ಸುಮ್ಮನಾಗುತ್ತಿದ್ದರು.

ಅವರು ಪಂಡಿತರಲ್ಲ. ಆದರೆ ಶ್ರಾವಕಾಚಾರ ಅವರ ದಿನಚರಿಯಲ್ಲಿ ಬೆರೆತಿತ್ತು. ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುವರು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಮರಳಿ ಅದೇ ಬಾವಿಗೆ ನಿಧಾನವಾಗಿ ಇಳಿಸುವರು. ಬೇರೆ ನೀರಿಗೆ ಬಿಟ್ಟರೆ ಅವು ಬದುಕಲಾರವು ಎಂಬುದು ಅವರ ಕಾಳಜಿ. ನೆಲ, ನೀರು, ಬೆಂಕಿ, ಗಾಳಿ, ಗಿಡ ಇವೆಲ್ಲವೂ ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ ಜೀವಗಳ ಕಾಯ ಎನ್ನುತ್ತದೆ ಜೈನಾಗಮ. ಗೃಹಸ್ಥನು ಇವುಗಳ ಹಿಂಸೆಯನ್ನು ಸಂಪೂರ್ಣವಾಗಿ ಬಿಡಲಾರ. ಆದ್ದರಿಂದಲೇ ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡ ವಿರತಿ ಎಂಬ ವ್ರತವನ್ನು ವಿಧಿಸಿದರು. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು ಪ್ರಮಾದಚರ್ಯೆ. ಶ್ರಾವಕನು ಅದನ್ನು ತ್ಯಜಿಸಬೇಕು. ಅಗತ್ಯಕ್ಕೆ ಇಲ್ಲಿ ಅವಕಾಶವಿದೆ, ಅಲಕ್ಷ್ಯಕ್ಕೆ ಇಲ್ಲ.

ತಾತನ ಬಸದಿಯಾತ್ರೆಯೂ ಸಂತೆಯ ದಾರಿಯಲ್ಲೇ ನಡೆಯುತ್ತಿತ್ತು. ಮಧುಗಿರಿಗೆ ಹೋದಾಗ ಬೆಟ್ಟದ ತಪ್ಪಲಿನ ಮಲ್ಲಿನಾಥ ಬಸದಿಯಲ್ಲಿ ದರ್ಶನ. ಪಾವಗಡದ ಕಡೆ ಹೋದಾಗ, ಒಂದು ಕಾಲಕ್ಕೆ ಚೋಳ ವಂಶದ ಅರಸರು ಆಳಿದ, ಜೈನಧರ್ಮ ನೆಲೆಸಿದ್ದ ನಿಡುಗಲ್ಲು ದುರ್ಗಕ್ಕೆ ದೂರದಿಂದಲೇ ಕೈಮುಗಿಯುವರು. ಕೊರಟಗೆರೆಯ ಸಿದ್ಧರಬೆಟ್ಟದಲ್ಲಿ ಮನೆಮದ್ದಿಗೆ ಸೊಪ್ಪು ತರುವಾಗ ಬೇರನ್ನು ಮುಟ್ಟುತ್ತಿರಲಿಲ್ಲ. ಮೈದನಹಳ್ಳಿಯ ಹುಲ್ಲುಗಾವಲಿನ ಕೃಷ್ಣಮೃಗಗಳ ಹಿಂಡನ್ನು ತೋರಿಸಿ, “ನೋಡು, ಶಾಂತಿನಾಥ ಸ್ವಾಮಿಯ ಲಾಂಛನ ಓಡ್ತಾ ಇದೆ” ಎನ್ನುವರು. ಆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಅದಕ್ಕೂ ಮೊದಲೇ ನನ್ನ ಪಾಲಿಗೆ ಅದು ತಾತ ತೋರಿಸಿದ ಬಯಲು ಬಸದಿ.

ಶಿರಾ ತಾಲ್ಲೂಕಿನ ಕಗ್ಗಲಡುವಿನ ನೆನಪಂತೂ ಅಳಿಸಲಾಗದ್ದು. ಊರ ನಡುವಿನ ಹುಣಸೆಮರಗಳ ತುಂಬ ಬಣ್ಣದ ಕೊಕ್ಕರೆಗಳ, ಬೂದು ಬಕಗಳ ಗೂಡುಗಳು. 1999ರಲ್ಲಿ ತುಮಕೂರಿನ ಪ್ರಕೃತಿಪ್ರಿಯರು ಅದನ್ನು ಗುರುತಿಸಿ ಹೊರಜಗತ್ತಿಗೆ ತಿಳಿಸಿದರು. ಆದರೆ ಹಕ್ಕಿಗಳನ್ನು ಕಾಪಾಡಿಕೊಂಡು ಬಂದವರು ಆ ಊರಿನ ಜನರೇ. ಹಿಕ್ಕೆ, ಮೀನಿನ ವಾಸನೆ, ಮರಿಗಳ ಗದ್ದಲ ಎಲ್ಲವನ್ನೂ ಸಹಿಸಿಕೊಂಡು ಅವರು ಆ ಹಕ್ಕಿಗಳಿಗೆ ನೆಲೆ ಕೊಟ್ಟಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಲೇಶ್ಯೆ ಎಂಬ ಪದವನ್ನೇ ಕೇಳಿರಲಿಕ್ಕಿಲ್ಲ. ಜೀವಗಳು ಒಂದಕ್ಕೊಂದು ಉಪಕಾರಿಯಾಗಿ ಬದುಕುತ್ತವೆ ಎಂದು ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಹೇಳಿದ ಮಾತಿಗೆ ಅಲ್ಲಿನ ಬದುಕೇ ಭಾಷ್ಯದಂತಿದೆ.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಲೇಬೇಕು. ತಾತ ತೀರಿಕೊಂಡ ಮೂರನೆಯ ವರ್ಷ ಹೊಲದ ಬಾವಿ ಬತ್ತಿತು. ಕೊಳವೆಬಾವಿ ಕೊರೆಸಲು ಹಣ ಬೇಕಿತ್ತು. ಏಳು ಹುಣಸೆಮರಗಳಲ್ಲಿ ನಾಲ್ಕನ್ನು ಮಾರಿದೆವು. ಮರದ ವ್ಯಾಪಾರಿಯಿಂದ ಮುಂಗಡ ಪಡೆದವನು ನಾನೇ. ಕೊಡಲಿ ಬಿದ್ದ ದಿನ ನಾನು ಊರಿನಲ್ಲಿರಲಿಲ್ಲ. ಅದರಿಂದ ನನ್ನ ಪಾಲು ಕಡಿಮೆಯಾಯಿತೆಂದು ಬಹುಕಾಲ ಸಮಾಧಾನ ಹೇಳಿಕೊಂಡಿದ್ದೆ. ಕೊಳವೆಬಾವಿ ಎರಡು ಬೇಸಿಗೆ ನೀರು ಕೊಟ್ಟು ನಿಂತುಹೋಯಿತು. ಪ್ರತಿ ವರ್ಷ ತಾತನ ಪುಣ್ಯತಿಥಿಯಂದು ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಅವರು ನೆಟ್ಟದ್ದನ್ನು ಕಡಿಸಿದ ಕೈಗಳಿಂದಲೇ ಹಾಕುತ್ತೇವೆ.

ಲೇಶ್ಯೆಯ ದೃಷ್ಟಾಂತದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಲ್ಲಿ ಯಾರೂ ಇನ್ನೂ ಮರವನ್ನು ಕಡಿದಿಲ್ಲ. ಆರು ಮಂದಿಯೂ ಆಲೋಚಿಸುತ್ತಿದ್ದಾರೆ, ಅಷ್ಟೇ. ಆದರೂ ಅವರವರ ಲೇಶ್ಯೆ ಆ ಕ್ಷಣದಲ್ಲೇ ನಿಶ್ಚಯವಾಗಿದೆ. ಕರ್ಮಬಂಧಕ್ಕೆ ಮೂಲ ಮನಸ್ಸಿನ ಪರಿಣಾಮ. ಕೊಡಲಿ ಎತ್ತಿದವನು ಕೂಲಿಯವನಾಗಿದ್ದರೂ, ಮುಂಗಡ ಪಡೆದು ದೂರ ನಿಂತವನ ಆತ್ಮಕ್ಕೆ ಬಣ್ಣ ಅಂಟದೆ ಇರದು. ಮಾಡುವುದು, ಮಾಡಿಸುವುದು, ಮಾಡಿದವರನ್ನು ಅನುಮೋದಿಸುವುದು ಈ ಮೂರನ್ನೂ ನಮ್ಮ ಆಚಾರ್ಯರು ಒಟ್ಟಿಗೇ ಇಟ್ಟು ನೋಡಿದ್ದಾರೆ.

ಹಸಿದವನಿಗೆ, ಸಾಲಗಾರನಿಗೆ ಈ ಉಪದೇಶ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಳೆ ಕೈಕೊಡುವ ಪಾವಗಡ, ಮಧುಗಿರಿಯ ರೈತನಿಗೆ ಮರ ಮಾರುವುದು ಮೋಜಿನ ಮಾತಲ್ಲ. ಆದರೆ ಆ ಆರು ಮಂದಿಯ ಹಸಿವೂ ಒಂದೇ ಆಗಿತ್ತು. ಶುಕ್ಲ ಲೇಶ್ಯೆಯವನು ಉಪವಾಸ ಮಾಡಲಿಲ್ಲ, ಅವನೂ ಉಂಡ. ಅವನು ಉಂಡು ಹೋದ ಮೇಲೆ ಮರ ಉಳಿಯಿತು, ಅಷ್ಟೇ ವ್ಯತ್ಯಾಸ. ಇಂದು ನೀರಿನ ವಿಷಯದಲ್ಲಿ ನಾವು ನಡೆದುಕೊಳ್ಳುತ್ತಿರುವುದು ಬುಡ ಕೀಳುವವನ ಹಾಗೆ. ಬಿದ್ದ ಮಳೆಯನ್ನು ಕೆರೆಯಲ್ಲಿ ಹಿಡಿಯದೆ ನೆಲದಾಳವನ್ನು ಕೊರೆಯುತ್ತಾ ಹೋದೆವು. ಫ್ಲೋರೈಡ್ ಬೆರೆತ ನೀರು ಕುಡಿದು ಹಲ್ಲು, ಮೂಳೆ ಕೆಡಿಸಿಕೊಂಡವರು ಪಾವಗಡದ ಹಳ್ಳಿಗಳಲ್ಲಿ ಕಾಣಸಿಗುತ್ತಾರೆ. ಮಳೆನೀರೂ ಒಂದು ಬಗೆಯ ಉದುರಿದ ಹಣ್ಣೇ. ಅದನ್ನು ಆರಿಸಿಕೊಳ್ಳುವ ತಾಳ್ಮೆ ನಮಗಿರಲಿಲ್ಲ.

ತೀರ್ಥಂಕರರಿಗೂ ವೃಕ್ಷಕ್ಕೂ ಇರುವ ನಂಟು ಹಿರಿದು. ಆದಿನಾಥರಿಗೆ ಕೇವಲಜ್ಞಾನವಾದದ್ದು ಆಲದ ಮರದಡಿ, ಮಹಾವೀರರಿಗೆ ಸಾಲವೃಕ್ಷದಡಿ. ಅಷ್ಟಪ್ರಾತಿಹಾರ್ಯಗಳಲ್ಲಿ ಮೊದಲು ಹೇಳುವುದು ಅಶೋಕವೃಕ್ಷವನ್ನು. ಮಲ್ಲಿನಾಥರ ಲಾಂಛನ ಕಲಶ. ಬಸದಿಯೊಳಗೆ ಕಲಶಕ್ಕೆ ಕೈಮುಗಿದು ಹೊರಗೆ ಕೆರೆಯನ್ನು ಹೂಳಲು ಬಿಟ್ಟರೆ, ಜಿಂಕೆಯ ಲಾಂಛನಕ್ಕೆ ಗಂಧವಿಟ್ಟು ಹುಲ್ಲುಗಾವಲನ್ನು ಮರೆತರೆ, ನಮ್ಮ ಪೂಜೆ ಅರ್ಧದಲ್ಲೇ ನಿಲ್ಲುತ್ತದೆ ಎಂದು ನನ್ನ ಭಾವನೆ.

ಹಿರಿಯರ ಸ್ಮರಣೆಯೂ ಹಾಗೆಯೇ. ಅವರ ಗುಣವನ್ನು ಹೊಗಳುವುದು ಸುಲಭ. ಅವರ ಕರಾರನ್ನು ಪಾಲಿಸುವುದು ಕಷ್ಟ. ಕಳೆದ ಮುಂಗಾರಿನಲ್ಲಿ ಕಡಿದ ಜಾಗದಲ್ಲೇ ನಾಲ್ಕು ಹುಣಸೆ ಸಸಿಗಳನ್ನು ನೆಟ್ಟಿದ್ದೇವೆ. ಒಂದು ಒಣಗಿತು, ಮೂರು ಚಿಗುರಿವೆ. ಅವು ಫಲ ಕೊಡುವ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ. ಉಳಿದ ಮೂರು ಹಳೆಯ ಮರಗಳ ಹಣ್ಣನ್ನು ಈ ಬೇಸಿಗೆ ಗುತ್ತಿಗೆಗೆ ಕೊಟ್ಟಾಗ, ಗೂಡಿರುವ ಕೊಂಬೆಯನ್ನು ಬಡಿಯಕೂಡದೆಂದು ಹೇಳಿ, ಹಣದಲ್ಲಿ ಒಂದಷ್ಟು ಬಿಟ್ಟುಕೊಟ್ಟೆ. ಮನೆಯಲ್ಲಿ ಆಕ್ಷೇಪ ಬಂತು. ನಾನು ನಕ್ಕು ಸುಮ್ಮನಾದೆ.