ತಕ್ಕಡಿಯಲ್ಲಿ ಬಿಳಿಯ ಪುಡಿ

ರಾಯಚೂರಿನ ಕಡೆಯವರಿಗೆ ಸಿ.ಎಚ್. ಪುಡಿಯೆಂದರೆ ಏನೆಂದು ಬಿಡಿಸಿ ಹೇಳಬೇಕಾದುದಿಲ್ಲ. ಕೃಷ್ಣೆ ತುಂಗಭದ್ರೆಗಳ ನಡುವಣ ಆ ಸೀಮೆಯಲ್ಲಿ ಈಚಲ ಮರದ ಸೇಂದಿಯು ನಿಜಾಮರ ಕಾಲದಿಂದಲೂ ದುಡಿಮೆಗಾರರ ಸಂಜೆಯ ಪಾನೀಯವಾಗಿದ್ದಿತು. ಕಾಲಕ್ರಮದಲ್ಲಿ ಮರಗಳು ಕಡಿಮೆಯಾದವು, ಕುಡಿಯುವವರು ಕಡಿಮೆಯಾಗಲಿಲ್ಲ. ಮರ ಕೊಡದುದನ್ನು ಪುಡಿ ಕೊಟ್ಟಿತು. ಬಿಂದಿಗೆ ನೀರು, ಒಂದಿಷ್ಟು ಸ್ಯಾಕರಿನ್, ಒಂದು ಚಿಟಿಕೆ ಕ್ಲೋರಲ್ ಹೈಡ್ರೇಟ್. ಇಷ್ಟಾದರೆ ಮರವನ್ನೇ ಕಾಣದ ಸೇಂದಿ ಸಿದ್ಧವಾಯಿತು. ರಾಜ್ಯದ ಬಹುಭಾಗದಲ್ಲಿ ಸೇಂದಿ ಮಾರಾಟ ನಿಷಿದ್ಧವಾದ ಮೇಲೆಯೂ ರಾಯಚೂರು ನಗರದ ಓಣಿಗಳಲ್ಲಿ, ದೇವದುರ್ಗ ಮಾನ್ವಿಗಳ ಹಳ್ಳಿಗಳಲ್ಲಿ ಈ ಕೃತಕ ದ್ರವ ಮಾರಾಟವಾದುದುಂಟು. ಗಡಿಯಾಚೆ ತೆಲಂಗಾಣದಲ್ಲಿ ಸೇಂದಿಯಂಗಡಿಗೆ ಸರ್ಕಾರದ ಪರವಾನಗಿಯಿದೆ. ಈಚೆ ಅದೇ ಅಪರಾಧ. ಅಲ್ಲಿಗೂ ಇಲ್ಲಿಗೂ ಬಸ್ಸಿನ ಪ್ರಯಾಣ ದೊಡ್ಡದೇನಲ್ಲ.

ಈ ಕ್ಲೋರಲ್ ಹೈಡ್ರೇಟು ಒಂದು ಕಾಲಕ್ಕೆ ವೈದ್ಯರ ಪೆಟ್ಟಿಗೆಯಲ್ಲಿ ಮರ್ಯಾದೆಯಿಂದ ಕುಳಿತಿದ್ದ ವಸ್ತು. ಜರ್ಮನಿಯ ಲೀಬಿಗ್ ಅದನ್ನು 1832ರಲ್ಲಿ ತಯಾರಿಸಿದನು. 1869ರಲ್ಲಿ ಬರ್ಲಿನ್ನಿನ ಲೀಬ್‌ರೈಖ್ ಅದು ನಿದ್ರೆ ತರಿಸುವುದೆಂದು ತೋರಿಸಿದನು. ಅದರ ಜಾಗಕ್ಕೆ ಈಚೆಗೆ ಬೇರೊಂದು ಬಿಳಿಯ ಪುಡಿಯೂ ಬಂದಿದೆ. ಅದು ಆಲ್ಪ್ರಜೋಲಮ್: ಮನಸ್ಸಿನ ಕಳವಳಕ್ಕೆ, ನಿದ್ರಾಹೀನತೆಗೆ ವೈದ್ಯರು ಬರೆದುಕೊಡುವ ಮಾತ್ರೆಯ ಮೂಲವಸ್ತು. 2025ರ ಜುಲೈಯಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಸತ್ತಾಗ ಆ ಸೇಂದಿಯಲ್ಲಿ ಕಂಡುಬಂದುದು ಇದೇ.

ಕಣ್ಣಿಗೆ ಎರಡೂ ಬಿಳಿ. ಕಾನೂನಿನ ಕಣ್ಣಿಗೆ ಮಾತ್ರ ಅಜಗಜಾಂತರ. ಕ್ಲೋರಲ್ ಹೈಡ್ರೇಟು 1985ರ ಮಾದಕ ದ್ರವ್ಯಗಳ ಕಾಯ್ದೆಯ, ಅಂದರೆ ಎಲ್ಲರ ಬಾಯಲ್ಲಿರುವ ಎನ್.ಡಿ.ಪಿ.ಎಸ್. ಕಾಯ್ದೆಯ, ಪಟ್ಟಿಯಲ್ಲಿ ಇಲ್ಲ. ಅದನ್ನು ಬೆರೆಸಿ ಮಾರಿದವನ ಮೇಲೆ ಬರತಕ್ಕವು 1965ರ ಕರ್ನಾಟಕ ಅಬಕಾರಿ ಕಾಯ್ದೆ ಮತ್ತು ದಂಡಸಂಹಿತೆಯ ಕಲಮುಗಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೇವಲ ಕಲಬೆರಕೆಗೆ 6 ತಿಂಗಳ ಸಜೆ. ವಿಷ ಅಥವಾ ಮತ್ತು ಬರಿಸುವ ಪದಾರ್ಥ ಕೊಟ್ಟು ಹಾನಿ ಮಾಡುವುದಕ್ಕೆ, 123ನೆಯ ಕಲಮಿನಂತೆ, 10 ವರ್ಷದವರೆಗೆ. ಆಲ್ಪ್ರಜೋಲಮ್ ಆದರೋ ಎನ್.ಡಿ.ಪಿ.ಎಸ್. ಪಟ್ಟಿಯಲ್ಲಿಯೇ ಇದೆ. ಅಲ್ಲಿ ಶಿಕ್ಷೆಯನ್ನು ನಿರ್ಣಯಿಸುವುದು ತಕ್ಕಡಿ. 5 ಗ್ರಾಮಿನೊಳಗೆ ಅಲ್ಪ ಪ್ರಮಾಣ: 1 ವರ್ಷದವರೆಗೆ ಕಠಿಣ ಸಜೆ, ಅಥವಾ 10,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. 100 ಗ್ರಾಮು ಮೀರಿತೆಂದರೆ ವಾಣಿಜ್ಯ ಪ್ರಮಾಣ: 10 ವರ್ಷಕ್ಕೆ ಕಡಿಮೆಯಿಲ್ಲದೆ 20 ವರ್ಷದವರೆಗೆ ಸಜೆ, 1 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಈ ಎರಡರ ನಡುವಣದಕ್ಕೆ 10 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ಅಮೆರಿಕೆಯಲ್ಲಿ ಇಷ್ಟೊಂದು ಜನರನ್ನು ಬಲಿತೆಗೆದುಕೊಂಡ ಫೆಂಟನಿಲ್ ಮಾರ್ಫಿನ್ನಿಗಿಂತ 50ರಿಂದ 100 ಪಟ್ಟು ತೀಕ್ಷ್ಣವಾದುದರಿಂದ ಅದರ ವಾಣಿಜ್ಯ ಪ್ರಮಾಣವನ್ನು ನಮ್ಮ ಸರ್ಕಾರ ಒಂದು ಗ್ರಾಮಿನ ಹತ್ತನೆಯ ಒಂದು ಪಾಲಿಗೆ ಇಳಿಸಿದೆ. ಉಪ್ಪಿನ ಚಿಟಿಕೆಗಿಂತ ಕಡಿಮೆ ತೂಕಕ್ಕೆ 10 ವರ್ಷ! ಇಷ್ಟಾಗಿಯೂ ಕ್ಯಾನ್ಸರಿನ ನೋವಿನಲ್ಲಿರುವವರಿಗೆ ಅದೇ ಫೆಂಟನಿಲ್ಲಿನ ಪಟ್ಟಿಯನ್ನು ವೈದ್ಯರು ಮೈಗೆ ಅಂಟಿಸುತ್ತಾರೆ. ಅದು ಸುಲಭವಾಗಿ ದೊರೆಯಲೆಂದು 2015ರಲ್ಲಿ ಕೇಂದ್ರವು ನಿಯಮಗಳನ್ನು ಸಡಿಲಿಸಿತು.

ಇದು ಸೇಂದಿ ಕುಡಿಯುವವರ ಗೋಳು, ಗೃಹಸ್ಥರಿಗೇಕೆ ಎಂದು ಕೇಳುವವರು ಮನೆಯ ಔಷಧಿ ಡಬ್ಬಿಯನ್ನು ಒಮ್ಮೆ ನೋಡುವುದು ಒಳ್ಳೆಯದು. ಅಜ್ಜಿಗೆ ರಾತ್ರಿ ನಿದ್ರೆ ಬರಲೆಂದು ತಂದ ಮಾತ್ರೆ ಅಲ್ಲಿರಬಹುದು. ವೈದ್ಯರ ಚೀಟಿಯಿದ್ದರೆ ಒಮ್ಮೆಗೆ 100 ಮಾತ್ರೆಯವರೆಗೆ, ದೀರ್ಘಕಾಲದ ಚಿಕಿತ್ಸೆಯೆಂದು ಚೀಟಿಯಲ್ಲಿ ವಿಶೇಷವಾಗಿ ಬರೆದಿದ್ದರೆ 300ರವರೆಗೆ ಇರಿಸಿಕೊಳ್ಳಲು ನಿಯಮ ಅವಕಾಶ ಕೊಡುತ್ತದೆ. ಚೀಟಿ ಕಳೆದುಹೋದ ಮನೆಗಳೇ ಹೆಚ್ಚು. ಇನ್ನು ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟವನು, ಮೋಟಾರು ಸೈಕಲನ್ನು ಪರಿಚಿತನಿಗೆ ಎರವಲು ಕೊಟ್ಟವನು ಸಹ, ತಿಳಿದೂ ಅಪರಾಧಕ್ಕೆ ಅವಕಾಶ ಕೊಟ್ಟನೆಂದು ಸಿದ್ಧವಾದರೆ, 25ನೆಯ ಕಲಮಿನಂತೆ ಅದೇ ಶಿಕ್ಷೆಗೆ ಪಾತ್ರನು. ತಿಳಿದೂ ಎಂಬ ಒಂದು ಪದದ ಮೇಲೆ ಎಷ್ಟೋ ಸಂಸಾರಗಳು ನಿಂತಿವೆ.

ತಕ್ಕಡಿಯ ವಿಚಾರದಲ್ಲಿ ಇನ್ನೊಂದು ತೊಡಕಿದೆ. ಪುಡಿಯನ್ನು ಶುದ್ಧವಾಗಿ ಯಾರೂ ಮಾರುವುದಿಲ್ಲ. ಸಕ್ಕರೆಯನ್ನೋ ಸುಣ್ಣವನ್ನೋ ಬೆರೆಸಿರುತ್ತಾರೆ. ತೂಗಬೇಕಾದುದು ಔಷಧಾಂಶವನ್ನೋ, ಇಡೀ ಪೊಟ್ಟಣವನ್ನೋ? ಔಷಧಾಂಶವನ್ನು ಮಾತ್ರವೆಂದು ಸುಪ್ರೀಂ ಕೋರ್ಟು 2008ರಲ್ಲಿ ಹೇಳಿತು. 2020ರ ಏಪ್ರಿಲಿನಲ್ಲಿ, ಹೀರಾ ಸಿಂಗ್ ಪ್ರಕರಣದಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠವು ಅದನ್ನು ತಳ್ಳಿಹಾಕಿ, ಬೆರಕೆಯ ವಸ್ತುವೂ ಸೇರಿ ಪೂರ್ತಿ ತೂಕವೇ ಲೆಕ್ಕವೆಂದು ತೀರ್ಮಾನಿಸಿತು. ಎರಡು ಗ್ರಾಮು ಆಲ್ಪ್ರಜೋಲಮ್ಮಿಗೆ ನೂರು ಗ್ರಾಮು ಸಕ್ಕರೆ ಬೆರೆತರೆ ಸಕ್ಕರೆಯೂ ಜೈಲಿಗೆ ಹೊಣೆ. ಹಾಗಾದರೆ ಸೇಂದಿಯ ಇಡೀ ಮಡಕೆಯನ್ನೇ ತೂಗಬೇಕೆ? ಕುಡಿಯುವ ದ್ರವವೂ ಈ ಮಾತಿನಲ್ಲಿ ಸೇರುವುದೇ ಎಂಬುದು ವಕೀಲನು ಮೊದಲ ದಿನದಿಂದಲೇ ವಾದಿಸತಕ್ಕ ವಿಷಯ.

ಮಾನ್ವಿಯಿಂದ ರಾಯಚೂರಿಗೆ ಬರುವ ಬಸ್ಸಿನಿಂದ ಇಳಿದ ತರುಣನೊಬ್ಬನ ಬಳಿ ಅಂಥ ಪೊಟ್ಟಣ ಸಿಕ್ಕಿತೆಂದು ಭಾವಿಸಬಹುದು. ಯಾರೋ ಕೊಟ್ಟರು, ಇನ್ನಾರಿಗೋ ಮುಟ್ಟಿಸಲು ಹೊರಟಿದ್ದನು. ಅವನ ರಕ್ಷಣೆಯ ದಾರಿ ಯಾವುದು? ಪೊಟ್ಟಣ ಅಂಗಿಯ ಜೇಬಿನಲ್ಲಿದ್ದರೆ, ಗೆಜೆಟೆಡ್ ಅಧಿಕಾರಿಯ ಇಲ್ಲವೆ ಮ್ಯಾಜಿಸ್ಟ್ರೇಟರ ಎದುರಿನಲ್ಲಿ ಮೈತಪಾಸಣೆಯಾಗಬೇಕೆಂದು ಕೇಳುವ ಹಕ್ಕು ಅವನಿಗುಂಟು; ಆ ಹಕ್ಕಿದೆಯೆಂಬುದನ್ನು ಪೊಲೀಸರೇ ಅವನಿಗೆ ಹೇಳಬೇಕು. 50ನೆಯ ಕಲಮಿನ ಈ ವಿಧಿ ಕಡ್ಡಾಯವೆಂದು 2010ರಲ್ಲಿ ಸಂವಿಧಾನ ಪೀಠವು ಹೇಳಿದೆ. ಆದರೆ ಪೊಟ್ಟಣ ಕೈಚೀಲದಲ್ಲಿದ್ದರೆ ಈ ಕಲಮು ಅವನ ನೆರವಿಗೆ ಬಾರದು. ಚೀಲವು ಮೈಯಲ್ಲವೆಂಬುದು ನ್ಯಾಯಾಲಯದ ನಿಲುವು. ಶೋಧನೆ ಮನೆಯಲ್ಲಿ ನಡೆದಿದ್ದರೆ 42ನೆಯ ಕಲಮನ್ನು ನೋಡಬೇಕು: ದೊರೆತ ಸುಳಿವನ್ನು ಅಧಿಕಾರಿಯು ಬರೆದಿಟ್ಟನೇ, ಸೂರ್ಯಾಸ್ತದ ಮೇಲೆ ಅಪ್ಪಣೆಪತ್ರವಿಲ್ಲದೆ ಒಳಹೊಕ್ಕಿದ್ದರೆ ಅದಕ್ಕೆ ಕಾರಣ ಬರೆದನೇ ಎಂದು. ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮಕ್ಷಮ ತೆಗೆಯಬೇಕೆಂದು 52ಎ ಕಲಮು ವಿಧಿಸುತ್ತದೆ. ಅದನ್ನು ಮೀರಿದ ಮಾತ್ರಕ್ಕೆ ಆರೋಪಿಯು ಬಿಡುಗಡೆಯಾಗನೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿರುವುದರಿಂದ ಈ ಒಂದೇ ಹಗ್ಗವನ್ನು ಹಿಡಿದು ನೇತಾಡುವುದು ಜಾಣತನವಲ್ಲ.

ಪುಡಿ ಯಾವುದೆಂಬ ಪ್ರಶ್ನೆಯಂತೂ ಎಲ್ಲಕ್ಕೂ ಮೂಲ. ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಕ್ಲೋರಲ್ ಹೈಡ್ರೇಟ್ ಎಂದರೆ ಇಡೀ ಮೊಕದ್ದಮೆಯ ಸ್ವರೂಪವೇ ಬದಲಾಗುವುದು. ವರದಿಯಲ್ಲಿ ಸಂಶಯವಿದ್ದರೆ ಮರುಪರೀಕ್ಷೆ ಕೇಳಬಹುದು; ಆದರೆ ವರದಿ ಕೈಸೇರಿದ 15 ದಿನದೊಳಗೆ, ಅದೂ ಅತಿ ವಿರಳ ಸಂದರ್ಭದಲ್ಲಿ ಮಾತ್ರ ಎಂದು 2013ರಲ್ಲಿ ತೀರ್ಮಾನವಾಗಿದೆ. ವರದಿಯ ನಕಲನ್ನು ಓದದೆ ಕಪಾಟಿನಲ್ಲಿಡುವ ಮನೆಯವರು ಈ ಅವಧಿಯನ್ನು ಕಳೆದುಕೊಳ್ಳುತ್ತಾರೆ.

ಠಾಣೆಯಲ್ಲಿ ಹುಡುಗ ಎಲ್ಲವನ್ನೂ ಒಪ್ಪಿಕೊಂಡನಂತೆ ಎಂದು ತಾಯಿತಂದೆಗಳು ಎದೆಗುಂದುವುದುಂಟು. ಹಾಗೆ ಎದೆಗುಂದಬೇಕಾಗಿಲ್ಲ. ಪೊಲೀಸರೆದುರಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲವೆಂಬುದು ಹಳೆಯ ವಿಧಿ. ಈ ಕಾಯ್ದೆಯಡಿ ಅಧಿಕಾರ ಪಡೆದ ಇತರ ಇಲಾಖೆಗಳ ಅಧಿಕಾರಿಗಳೆದುರಿನದೂ ಹಾಗೆಯೇ ಎಂದು 2020ರ ಅಕ್ಟೋಬರಿನಲ್ಲಿ ತೂಫಾನ್ ಸಿಂಗ್ ಪ್ರಕರಣದಲ್ಲಿ ನಿರ್ಣಯವಾಯಿತು. ಆದರೆ ಇನ್ನೊಂದು ಕಡೆ ಕಾನೂನು ಕಠೋರವಾಗಿದೆ. ವಸ್ತು ಅವನ ಬಳಿ ಸಿಕ್ಕಿತೆಂದು ಸರ್ಕಾರವು ಸಿದ್ಧಪಡಿಸಿದ ಮೇಲೆ ಅವನಿಗೆ ತಿಳಿದಿದ್ದಿತೆಂದೇ ನ್ಯಾಯಾಲಯ ಊಹಿಸುತ್ತದೆ. ತಿಳಿದಿರಲಿಲ್ಲವೆಂದು ತೋರಿಸುವ ಹೊರೆ ಅವನದು.

ಮಾರಿದವನನ್ನೂ ಕುಡಿದವನನ್ನೂ ಕಾಯ್ದೆ ಒಂದೇ ಕೋಲಿನಿಂದ ಹೊಡೆಯುವುದಿಲ್ಲ. ವ್ಯಸನಕ್ಕೆ ಬಿದ್ದವನು, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತವನು, ತಾನಾಗಿಯೇ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದರೆ 64ಎ ಕಲಮು ಅವನನ್ನು ಮೊಕದ್ದಮೆಯಿಂದ ಕಾಪಾಡುತ್ತದೆ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆ ಹೋದೀತು. ಈ ಬಾಗಿಲನ್ನು ತಟ್ಟುವವರು ಇರಬೇಕಾದಷ್ಟು ಇಲ್ಲ. ಪುಡಿಯನ್ನು ಒಮ್ಮೆಲೇ ನಿಲ್ಲಿಸಿದರೆ ದೇಹ ದಂಗೆಯೇಳುತ್ತದೆ. 2015ರಲ್ಲಿ ನಿಜಾಮಾಬಾದ್ ಕಡೆ ಕಲಬೆರಕೆ ಸೇಂದಿಯನ್ನು ತಡೆದಾಗ ಜನ ಫಿಟ್ಸ್ ಬಂದು, ಭ್ರಮೆಗೊಂಡು ಆಸ್ಪತ್ರೆಗಳನ್ನು ತುಂಬಿದರು. ಆದುದರಿಂದ ಮನೆಯಲ್ಲಿ ಕೂಡಿಹಾಕಿ ಚಟ ಬಿಡಿಸುವ ಹಠ ಬೇಡ. ಅದು ವೈದ್ಯರ ಕೆಲಸ.

ಜಾಮೀನಿನ ಮಾತೇ ಎಲ್ಲಕ್ಕಿಂತ ಕಷ್ಟ. ವಾಣಿಜ್ಯ ಪ್ರಮಾಣವೆಂದಾದರೆ, ಆರೋಪಿ ತಪ್ಪಿತಸ್ಥನಲ್ಲವೆಂದೂ ಮತ್ತೆ ತಪ್ಪು ಮಾಡಲಾರನೆಂದೂ ನಂಬಲು ಕಾರಣವಿದೆಯೆಂದು ನ್ಯಾಯಾಧೀಶರಿಗೆ ತೋರಬೇಕು. 37ನೆಯ ಕಲಮು ಹಾಗೆನ್ನುತ್ತದೆ. ರಾಯಚೂರಿನಲ್ಲಿ ಅದು ಸಿಗದಿದ್ದರೆ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗಬೇಕು. ವಕೀಲರ ಶುಲ್ಕಕ್ಕೆ ಹೊಲ ಒತ್ತೆಯಿಡುವ ಮುನ್ನ ಒಂದು ವಿಷಯ ತಿಳಿದಿರಲಿ: ಬಂಧನದಲ್ಲಿರುವ ಯಾರಿಗೇ ಆಗಲಿ, ಅವರ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಂತೆ ಉಚಿತ ವಕೀಲರು ದೊರೆಯುತ್ತಾರೆ. ಜಿಲ್ಲಾ ಪ್ರಾಧಿಕಾರದಲ್ಲಿ ಇಲ್ಲವೆ ತಾಲ್ಲೂಕು ಸಮಿತಿಯಲ್ಲಿ ಕೇಳಬಹುದು, ದೂರವಾಣಿಯಾದರೆ 15100.

ಮನೆಯವರು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಡಬೇಕಾದ ದಿನವೂ ಒಂದಿದೆ. ಮ್ಯಾಜಿಸ್ಟ್ರೇಟರು ಹುಡುಗನನ್ನು ಮೊದಲು ವಶಕ್ಕೆ ಒಪ್ಪಿಸಿದ ದಿನ ಅದು. ಅಲ್ಲಿಂದ ಎಣಿಸಿ, ವಾಣಿಜ್ಯ ಪ್ರಮಾಣದ ಪ್ರಕರಣದಲ್ಲಿ 180 ದಿನದೊಳಗೆ ದೋಷಾರೋಪಪಟ್ಟಿ ಸಲ್ಲದಿದ್ದರೆ, ಅವಧಿಯನ್ನು ನ್ಯಾಯಾಲಯ ವಿಸ್ತರಿಸಿರದಿದ್ದರೆ, ಜಾಮೀನು ಅವನ ಹಕ್ಕಾಗುತ್ತದೆ. ಆದರೆ ಕೇಳದವನಿಗೆ ಅದು ಸಿಗದು. ಪಟ್ಟಿ ಬಂದಮೇಲೆ ಕೇಳಿದರೂ ಸಿಗದು. ಚೆನ್ನೈಯ ಒಂದು ಪ್ರಕರಣದಲ್ಲಿ 2019ರ ಫೆಬ್ರುವರಿ 1ರಂದು, 181ನೆಯ ದಿನ, ಬೆಳಿಗ್ಗೆ 10-30ಕ್ಕೆ ಆರೋಪಿಯ ಅರ್ಜಿ ಸಲ್ಲಿತು. ವಾದ ನಡೆಯುತ್ತಿರುವಾಗಲೇ ಸಂಜೆ 4-25ಕ್ಕೆ ಇಲಾಖೆಯವರು ಹೆಚ್ಚುವರಿ ದೂರನ್ನು ತಂದಿಟ್ಟು, ಇನ್ನು ಜಾಮೀನಿನ ಪ್ರಶ್ನೆಯೇ ಇಲ್ಲವೆಂದರು. ಮದರಾಸು ಹೈಕೋರ್ಟು ಇಲಾಖೆಯ ಮಾತನ್ನು ಒಪ್ಪಿತು. 2020ರ ಅಕ್ಟೋಬರ್ 26ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ಬೆಳಗಿನ ಅರ್ಜಿಯೇ ಊರ್ಜಿತವೆಂದು ಆತನಿಗೆ ಜಾಮೀನು ಕೊಟ್ಟಿತು.