ಅಲ್ಪಾವಧಿ ಮನೆ ಬಾಡಿಗೆ: ಸ್ಪಷ್ಟ ಮಿತಿಯ ಲಾಭ, ಮಿತಿಯ ಕೊರತೆ

ಅಮೆರಿಕದ ಮಧ್ಯಪಶ್ಚಿಮ ಭಾಗದ ವಿಸ್ಕಾನ್ಸಿನ್ ರಾಜ್ಯದಲ್ಲಿ ಸ್ಟರ್ಜನ್ ಬೇ ಎಂಬ ಪುಟ್ಟ ನಗರವಿದೆ. ಜನಸಂಖ್ಯೆ ಹತ್ತು ಸಾವಿರಕ್ಕೂ ಕಡಿಮೆ. ಹಡಗು ನಿರ್ಮಾಣ ಮತ್ತು ಬೇಸಿಗೆಯ ಪ್ರವಾಸೋದ್ಯಮ ಅದರ ಆರ್ಥಿಕ ಆಧಾರಗಳು. ಇಂತಹ ಊರಿನಲ್ಲಿ ಮನೆಯನ್ನು ಪ್ರವಾಸಿಗರಿಗೆ ದಿನಗಳ ಲೆಕ್ಕದಲ್ಲಿ ಕೊಟ್ಟರೆ ಮಾಲೀಕನಿಗೆ ಆದಾಯ. ಅದೇ ಮನೆ ವರ್ಷದ ಬಾಡಿಗೆಗೆ ಸಿಗದಾದಾಗ ಹಡಗುಕಟ್ಟೆಯ ಕಾರ್ಮಿಕನಿಗೂ ಅಂಗಡಿಯ ನೌಕರನಿಗೂ ವಸತಿಯ ಚಿಂತೆ. ಈ ಎರಡು ಹಿತಗಳ ನಡುವೆ ಗೆರೆ ಎಳೆಯಬೇಕಾದವರು ಯಾರು?

ವಿಸ್ಕಾನ್ಸಿನ್ 2017ರ 59ನೇ ಅಧಿನಿಯಮದ ಮೂಲಕ ಇದಕ್ಕೆ ಅಂಕಿಗಳಲ್ಲಿ ಉತ್ತರಿಸಿತು. ಸತತ ಏಳು ದಿನ ಅಥವಾ ಹೆಚ್ಚಿನ ಅವಧಿಗೆ ವಾಸದ ಮನೆಯನ್ನು ಬಾಡಿಗೆಗೆ ಕೊಡುವುದನ್ನು ಯಾವುದೇ ಸ್ಥಳೀಯ ಸಂಸ್ಥೆ ನಿಷೇಧಿಸುವಂತಿಲ್ಲ. ಏಳರಿಂದ 29 ದಿನಗಳ ಬಾಡಿಗೆಗಳಿಗೆ ವರ್ಷದ ಒಟ್ಟು ದಿನಗಳ ಮಿತಿ ವಿಧಿಸಬಹುದು. ಆದರೆ ಆ ಮಿತಿ 180 ದಿನಗಳಿಗಿಂತ ಕಡಿಮೆ ಇರಕೂಡದು. ಆ ದಿನಗಳು ಒಟ್ಟಿಗೆ, ಸತತವಾಗಿ ಬರಬೇಕೆಂದು ನಗರ ಹೇಳಬಹುದು. ಯಾವ ತಿಂಗಳಲ್ಲಿ ಎಂದು ಹೇಳುವಂತಿಲ್ಲ. ವರ್ಷಕ್ಕೆ ಹತ್ತು ರಾತ್ರಿಗಳಿಗಿಂತ ಹೆಚ್ಚು ಬಾಡಿಗೆಗೆ ಕೊಡುವವರು ರಾಜ್ಯದ ಪರವಾನಗಿ ಪಡೆಯಬೇಕು. ನಗರದ ನಿಯಮವಿದ್ದಲ್ಲಿ ಅದರ ಪರವಾನಗಿಯನ್ನೂ ಪಡೆಯಬೇಕು.

ಹೂಡಿಕೆದಾರ ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಕಾನೂನಿನ ರಕ್ಷಣೆ ಇರುವುದು ವಾರದ ಬಾಡಿಗೆಗೇ ಹೊರತು ವಾರಾಂತ್ಯದ ಎರಡು ರಾತ್ರಿಗಳಿಗಲ್ಲ. ವಾರಾಂತ್ಯದ ದರವನ್ನು ವರ್ಷಪೂರ್ತಿಗೆ ಗುಣಿಸಿ ಸಾಲ ಪಡೆದವನ ಲೆಕ್ಕ ನಗರಸಭೆಯ ಒಂದು ನಿರ್ಣಯದಿಂದ ತಲೆಕೆಳಗಾಗಬಹುದು. ಎರಡನೆಯದಾಗಿ, 180 ದಿನಗಳ ಮಿತಿ ಇದ್ದಲ್ಲಿ ಉಳಿದ 185 ದಿನಗಳ ಬಡ್ಡಿ, ಆಸ್ತಿ ತೆರಿಗೆ, ವಿಮೆಗಳೂ ಅದೇ ಆದಾಯದಿಂದ ಭರ್ತಿಯಾಗಬೇಕು. ಕೇಂದ್ರ ಆದಾಯ ತೆರಿಗೆಯ ಮಿತಿಯೂ ಬೇರೆ: ತಾನು ವಾಸಿಸುವ ಮನೆಯನ್ನು ವರ್ಷಕ್ಕೆ 15 ದಿನಗಳಿಗಿಂತ ಕಡಿಮೆ ಬಾಡಿಗೆಗೆ ಕೊಟ್ಟರೆ ಆ ಆದಾಯಕ್ಕೆ ತೆರಿಗೆಯಿಲ್ಲ, ಬಾಡಿಗೆಯ ಖರ್ಚಿಗೆ ವಿನಾಯಿತಿಯೂ ಇಲ್ಲ. ಹೀಗಾಗಿ ಹನ್ನೆರಡು ರಾತ್ರಿ ಕೊಟ್ಟವನಿಗೆ ಆದಾಯ ತೆರಿಗೆ ಇರದಿದ್ದರೂ ಪರವಾನಗಿ ಬೇಕು.

ನಿಯಮ ಸ್ಪಷ್ಟವಾಗಿರುವುದು ವ್ಯವಹಾರಸ್ಥನಿಗೆ ದೊಡ್ಡ ಅನುಕೂಲ. ಅಧಿಕಾರಿಯ ಮರ್ಜಿಗಿಂತ ಅಂಕಿ ಲೇಸು. ಆದರೂ ಈ ಕಾನೂನಿನಲ್ಲಿ ಒಂದು ಕೊರತೆಯಿದೆ. ಬೇಸಿಗೆ ಮತ್ತು ಶರತ್ಕಾಲವೇ ಸುಗ್ಗಿಯಾಗಿರುವ ಊರಿನಲ್ಲಿ 180 ದಿನಗಳೆಂದರೆ ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಬಹುತೇಕ ಇಡೀ ಹಂಗಾಮು. ಮಿತಿ ವಿಧಿಸಿದರೂ ಮನೆ ವರ್ಷದ ಬಾಡಿಗೆದಾರನಿಗೆ ಮರಳುವುದಿಲ್ಲ. ಚಳಿಗಾಲದಲ್ಲಿ ಬರಿದಾಗಿ ನಿಲ್ಲುತ್ತದೆ, ಅಷ್ಟೇ. ಕೊಠಡಿ ತೆರಿಗೆಯಲ್ಲೂ ಇದೇ ವಾಲಿಕೆ ಕಾಣುತ್ತದೆ. ಸಾಮಾನ್ಯ ನಿಯಮದಂತೆ ಅದರ ಗರಿಷ್ಠ ದರ ಶೇ. 8, ಸಂಗ್ರಹದ ಕನಿಷ್ಠ ಶೇ. 70 ಭಾಗ ಪ್ರವಾಸೋದ್ಯಮದ ಪ್ರಚಾರ ಮತ್ತು ಅಭಿವೃದ್ಧಿಗೇ ಮೀಸಲು. ಪ್ರವಾಸಿಗರಿಂದ ಬಂದ ಹಣ ಮತ್ತಷ್ಟು ಪ್ರವಾಸಿಗರನ್ನು ಕರೆತರಲು ವೆಚ್ಚವಾದರೆ, ಅವರಿಗೆ ಸೇವೆ ಒದಗಿಸುವ ನೌಕರರ ವಸತಿಗೆ ಉಳಿಯುವುದೇನು? ನೌಕರರಿಲ್ಲದ ಹೋಟೆಲು, ಅಂಗಡಿಗಳಿಂದ ಅಂತಿಮವಾಗಿ ನಷ್ಟವಾಗುವುದು ವ್ಯಾಪಾರಕ್ಕೇ. ಮಿತಿಯ ಅಂಕಿಯನ್ನು ರಾಜ್ಯವೇ ನಿಗದಿಪಡಿಸಲಿ. ಆದರೆ ವಸತಿ ಕೊರತೆಯನ್ನು ದಾಖಲೆಸಹಿತ ತೋರಿಸುವ ಸಣ್ಣ ನಗರಕ್ಕೆ ಆ ಅಂಕಿಯನ್ನು ಇಳಿಸುವ ಅವಕಾಶವೂ ಇರಬೇಕು.

ಜಾಲತಾಣದ ಮೂಲಕ ಕಾಯ್ದಿರಿಸಿದ ವಸತಿಗೆ ತೆರಿಗೆ ವಸೂಲು ಮಾಡುವ ಹೊಣೆಯನ್ನು ವಿಸ್ಕಾನ್ಸಿನ್ ಆ ಮಧ್ಯವರ್ತಿ ಸಂಸ್ಥೆಗಳ ಮೇಲೆ ಹೊರಿಸಿದೆ. ಭಾರತದಲ್ಲಿಯೂ ಜಿಎಸ್‌ಟಿ ಕಾಯಿದೆಯ 9(5)ನೇ ಕಲಮಿನ ಅಡಿಯಲ್ಲಿ, ನೋಂದಣಿ ಹೊಂದಿರದ ವಸತಿದಾರರ ಪರವಾಗಿ ಜಾಲತಾಣವೇ ತೆರಿಗೆ ಕಟ್ಟಬೇಕೆಂಬ ವ್ಯವಸ್ಥೆ 2017ರಿಂದ ಇದೆ. ಕೊಡಗು, ಚಿಕ್ಕಮಗಳೂರುಗಳ ಹೋಂಸ್ಟೇ ಮಾಲೀಕರಿಗೆ ಇದು ಅಪರಿಚಿತವಲ್ಲ. ತೆರಿಗೆ ವಸೂಲಿಯ ದಾರಿ ಎರಡೂ ಕಡೆ ಸುಗಮವಾಗಿದೆ. ಊರಿನ ದುಡಿಯುವವರಿಗೆ ಮನೆ ಉಳಿಸುವ ದಾರಿಯನ್ನು ಅಷ್ಟೇ ಕಾಳಜಿಯಿಂದ ರೂಪಿಸುವ ಕೆಲಸ ಬಾಕಿಯಿದೆ.