ಮನೆಯ ಹಾಡು, ಮಾಗಿಯ ನಡಿಗೆ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳನ್ನು ಕೆಡವುವಾಗ ಅಟ್ಟದಿಂದ ಇಳಿಯುವ ಸಾಮಾನುಗಳಲ್ಲಿ ತಿದಿ ಹರಿದ ಹಾರ್ಮೋನಿಯಮ್ಮಿಗೆ ಹಳೆಯ ಸಾಮಾನಿನ ವ್ಯಾಪಾರಿಯಾದರೂ ಒಂದು ಬೆಲೆ ಕಟ್ಟುತ್ತಾನೆ. ಅದರ ಪಕ್ಕದಲ್ಲಿದ್ದ ಹಾಡಿನ ಪುಸ್ತಕ ಮಾತ್ರ ರದ್ದಿಯ ತಕ್ಕಡಿಗೆ ಬೀಳುತ್ತದೆ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು—ಇವೆಲ್ಲವನ್ನೂ ಮನೆಯ ಹೆಣ್ಣುಮಕ್ಕಳು ತಮ್ಮ ಕೈಯಾರೆ ಬರೆದಿಟ್ಟುಕೊಳ್ಳುತ್ತಿದ್ದ ಪುಸ್ತಕವದು. ಅದರಲ್ಲಿ ಸಾಹಿತ್ಯವುಂಟು, ಸ್ವರಲಿಪಿ ಇಲ್ಲ. ಬಹಳವೆಂದರೆ ಹಾಡಿನ ನೆತ್ತಿಯ ಮೇಲೆ ‘ಇಂಥ ಹಾಡಿನ ಧಾಟಿ’ ಎಂಬ ಒಂದು ಸೂಚನೆ. ಆ ‘ಇಂಥ ಹಾಡು’ ಯಾವುದೆಂದು ಬಲ್ಲ ಅಜ್ಜಿ ತೀರಿಕೊಂಡರೆ ಪುಸ್ತಕ ಉಳಿದೀತು, ಹಾಡು ಉಳಿಯದು.

ಈ ಮರೆವಿಗೆ ರೇಡಿಯೋ ಮತ್ತು ಕ್ಯಾಸೆಟ್ಟುಗಳೇ ಕಾರಣವೆಂದು ದೂರುವುದು ರೂಢಿ. ದೂರು ಪೂರ್ಣ ನ್ಯಾಯವಾದುದಲ್ಲ. ಬೆಂಗಳೂರಿನಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1955ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ನಾಟಕ ಕಂಪನಿಗಳ ಮಟ್ಟುಗಳೂ ಹರಿಕಥೆಯ ಧಾಟಿಗಳೂ ಮನೆಯೊಳಗೆ ಬಂದು ದೇವರ ಆರತಿಗೆ ನಿಂತಿದ್ದವು. ಮನೆಯ ಹಾಡು ಎರವಲು ತರಲು ಎಂದೂ ನಾಚಿದ್ದಿಲ್ಲ. 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ಹೊರಗಿಟ್ಟಾಗಲೂ ಮನೆಗಳು ಅದನ್ನು ಹೊರಗಿಡಲಿಲ್ಲ! ನಿಜವಾಗಿ ತಪ್ಪಿಹೋದದ್ದು ಹಾಡಿನೊಡನಿದ್ದ ಕೆಲಸ. ಬೀಸುವ ಕಲ್ಲಿನ ಸುತ್ತು, ಒನಕೆಯ ಏರಿಳಿತ, ತೊಟ್ಟಿಲ ತೂಗು ಇವೇ ಆ ಹಾಡುಗಳ ತಾಳ. ತಾಳ ಹೋದ ಮೇಲೆ ಹಾಡಿಗೆ ನೆಲೆಯಿಲ್ಲವಾಯಿತು. ಜೊತೆಗೆ ಹೊಸದೊಂದು ಸಂಕೋಚವೂ ಸೇರಿಕೊಂಡಿತು. ರಾಗಿ ಬೀಸುವವಳನ್ನು ‘ನಿನಗೆ ಹಾಡಲು ಬರುತ್ತದೆಯೇ?’ ಎಂದು ಯಾರೂ ಕೇಳಿದ್ದಿಲ್ಲ. ಇಂದು ಆಕೆಯ ಮೊಮ್ಮಗಳು ಕೇಳದೆಯೇ ‘ನನಗೆ ಬರುವುದಿಲ್ಲ’ ಎನ್ನುತ್ತಾಳೆ.

ಕಳೆದುಹೋದ ಈ ತಾಳವನ್ನು ಮರಳಿ ಕೊಡಬಲ್ಲ ಕೆಲಸವೊಂದು ಇನ್ನೂ ಉಳಿದಿದೆ. ಅದು ನಡಿಗೆ. ಅದಕ್ಕೆ ಮಾಗಿಗಿಂತ ಒಳ್ಳೆಯ ಕಾಲವಿಲ್ಲ, ಲಾಲ್‌ಬಾಗಿಗಿಂತ ಹತ್ತಿರದ ವನವಿಲ್ಲ. 1760ರಲ್ಲಿ ಹೈದರಾಲಿ ಆರಂಭಿಸಿದ ಈ 240 ಎಕರೆಯ ತೋಟವನ್ನು ಸಸ್ಯಶಾಸ್ತ್ರಜ್ಞರು ಕಾಡೆಂದು ಒಪ್ಪಲಾರರು; ಬಸವನಗುಡಿಯ ಮಕ್ಕಳಿಗೆ ಮಾತ್ರ ಅದು ಕಾಡೇ. ಧನುರ್ಮಾಸದ ಮುಂಜಾವಿನಲ್ಲಿ ಪಶ್ಚಿಮದ ಬಾಗಿಲಿನಿಂದ ಒಳಹೊಕ್ಕರೆ ಕೆರೆಯ ಮೇಲೆ ತೆಳ್ಳನೆಯ ಮಂಜು, ಗುಲಾಬಿ ಬಣ್ಣದ ಟಬೂಬಿಯಾ ಹೂಗಳು, ಬಿಳಿ ಬೂರುಗದ ಗೋಡೆಯಂಥ ಬೇರುಗಳು. ಸುಮಾರು ಮುನ್ನೂರು ಕೋಟಿ ವರ್ಷಗಳ ಬಂಡೆಯ ಮೇಲೆ ಕೆಂಪೇಗೌಡರ ಗೋಪುರ ಎಳೆಬಿಸಿಲು ಕಾಯುತ್ತಿರುತ್ತದೆ. ಆ ಹೊತ್ತಿನಲ್ಲಿ ನಡೆಯುವವರಲ್ಲಿ ಬಹುಮಂದಿ ವೃದ್ಧರೇ. ಮನೆಯಲ್ಲಿ ಎದುರಿಗೆ ಕೂರಿಸಿ ಹಾಡೆಂದರೆ ಒಲ್ಲೆನೆನ್ನುವ ಅಜ್ಜಿ, ಶಾಲು ಹೊದ್ದು ಮೊಮ್ಮಗಳ ಕೈಹಿಡಿದು ಮರಗಳ ನಡುವೆ ನಾಲ್ಕು ಹೆಜ್ಜೆ ಹಾಕಿದಾಗ ತಾನಾಗಿಯೇ ಗುನುಗುವುದುಂಟು. ಕಾಲು ತಾಳ ಹಿಡಿದರೆ ಕೊರಳು ಧಾಟಿಯನ್ನು ನೆನೆಯುತ್ತದೆ.

ಶಾಲೆಗಳು ಇದನ್ನು ಗಮನಿಸಬೇಕು. ಇಂದು ಶಾಲೆಯಲ್ಲಿ ಹಾಡೆಂದರೆ ಸ್ಪರ್ಧೆ. ಸ್ಪರ್ಧೆಯೆಂದರೆ ಮೂವರಿಗೆ ಬಹುಮಾನ, ಉಳಿದವರಿಗೆ ಮೌನ. ದಾನಿಗಳು ಉದಾರವಾಗಿ ರಂಗಮಂದಿರ ಕಟ್ಟಿಸಿಕೊಡುತ್ತಾರೆ, ಧ್ವನಿವರ್ಧಕ ಕೊಡಿಸುತ್ತಾರೆ. ಈ ಕಾರ್ಯಕ್ಕೆ ಅವೆರಡೂ ಬೇಡ. ಮಾಗಿಯ ಒಂದು ಭಾನುವಾರ ಉಪಾಧ್ಯಾಯರು ಮಕ್ಕಳನ್ನೂ ಅವರ ಮನೆಯ ಹಿರಿಯರನ್ನೂ ಲಾಲ್‌ಬಾಗಿಗೋ, ಮಲ್ಲೇಶ್ವರದವರಾದರೆ ಸ್ಯಾಂಕಿ ಕೆರೆಯ ಏರಿಗೋ ಕರೆದೊಯ್ಯಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಅಟ್ಟಗಳನ್ನೊಮ್ಮೆ ಹುಡುಕಿ ಹಾಡಿನ ಪುಸ್ತಕಗಳನ್ನು ತರಲಿ. 1980ರ ದಶಕದಲ್ಲಿ ಮದುವೆಮನೆಯಲ್ಲಿ ತುಂಬಿಸಿಟ್ಟ ಕ್ಯಾಸೆಟ್ಟುಗಳಿದ್ದರೆ, ಸುರುಳಿಗೆ ಬೂಷ್ಟು ಹಿಡಿಯುವ ಮೊದಲು ಪ್ರತಿ ಮಾಡಿಸಲಿ. ಪುಟದ ನೆತ್ತಿಯಲ್ಲಿ ‘ಇಂಥ ಹಾಡಿನ ಧಾಟಿ’ ಎಂದಿರುವುದನ್ನು ಓದಿ, ಅದು ಹೇಗೆಂದು ಹಾಡಿ ತೋರಿಸಬಲ್ಲವರು ಎಂಬತ್ತು ದಾಟಿದ್ದಾರೆ. ಮುಂದಿನ ಮಾಗಿಗೆಂದು ಮುಂದೂಡುವ ಕಾರ್ಯ ಇದಲ್ಲ.